ನೆಲ ಬಿಟ್ಟೇಳದ ವಿಷ್ಣುಕ್ರಾಂತಿ

ಮರಡಿಯ ಮೇಲೆ ಓಡಾಡುವವರ ಗಮನ ಸೆಳೆಯಲು ಗಿಡಗಳಿಗೆ ಸುಲಭದ ದಾರಿಯೊಂದಿದೆ: ಚುಚ್ಚುವುದು. ನೆಗ್ಗಿಲು ಇದನ್ನು ಚೆನ್ನಾಗಿ ಅರಿತಿದೆ. ಅದರ ಹಳದಿ ಹೂವನ್ನು ಎಂದೂ ನೋಡದವರಿಗೂ ಮುಳ್ಳಿನ ಪರಿಚಯ ಉಂಟು. ಚಪ್ಪಲಿಯ ಅಟ್ಟೆ ಹಿಡಿದು ಮನೆಯವರೆಗೂ ಬರುತ್ತದೆ. ಪಕ್ಕದಲ್ಲೇ ನೆಲಕ್ಕೆ ಒತ್ತಿಕೊಂಡು ಬೆಳೆಯುವ ವಿಷ್ಣುಕ್ರಾಂತಿಗೆ ಆ ಜಾಣತನ ಇಲ್ಲ. ತುಳಿದರೆ ತುಳಿಸಿಕೊಳ್ಳುತ್ತದೆ. ಊರಿಗೆಲ್ಲ ಜ್ಞಾಪಕಶಕ್ತಿ ಹಂಚುವ ಗಿಡವೆಂದು ಹೆಸರಾದ ಇದನ್ನೇ ಜನ ಮರೆತು ಕೂತಿದ್ದಾರೆ.

ಬಯಲುಸೀಮೆಯ ಗರಸು ನೆಲ, ಬಂಡೆಯ ಸಂದಿನ ಹಿಡಿಮಣ್ಣು, ಇಷ್ಟೇ ಇದರ ಆಸ್ತಿ. ಮಳೆ ನಾಲ್ಕು ಹನಿ ಉದುರಿಸಿ ಹೋದ ಮೇಲೆ ಚಿತ್ರದುರ್ಗದ ಕಡೆಯ ಯಾವುದಾದರೂ ದಿಣ್ಣೆಯಲ್ಲಿ ಮಂಡಿಯೂರಿ ನೋಡಿ. ಗಟ್ಟಿ ಬೇರಿನ ಬುಡದಿಂದ ತೆಳ್ಳನೆಯ ಕಾಂಡಗಳು ಸುತ್ತಲೂ ಹರಡಿರುತ್ತವೆ. ಕಾಂಡ, ಎಲೆಗಳ ಮೇಲೆಲ್ಲ ರೇಷ್ಮೆಯಂಥ ರೋಮ. ನೀರು ಆರಿಹೋಗದಂತೆ ಗಿಡವೇ ಮಾಡಿಕೊಂಡ ಏರ್ಪಾಡು. ಹೂವು ಒಂದು ಸೆಂಟಿಮೀಟರೂ ಅಗಲವಿಲ್ಲ. ತಿಳಿನೀಲಿ ಬಣ್ಣ, ನಡುವೆ ಬಿಳಿ, ಐದು ಕೇಸರ. ಒಳಗಿನ ಎರಡು ಶಲಾಕೆಗಳು ಕವಲೊಡೆದು ನಾಲ್ಕಾಗಿರುವುದನ್ನು ಕಾಣಲು ಮಸೂರ ಬೇಕು, ನನ್ನ ವಯಸ್ಸಿನವರಿಗೆ ಅದರ ಜೊತೆಗೆ ಕನ್ನಡಕವೂ ಬೇಕು. ಹೀಗೆ ಕೂತವರನ್ನು ಕುರಿ ಕಾಯುವವರು "ಏನ್ ಕಳ್ಕಂಡ್ರಿ ಸ್ವಾಮಿ?" ಎಂದು ಕೇಳದೆ ಬಿಡುವುದಿಲ್ಲ. ಹೂವು ನೋಡುತ್ತಿದ್ದೇನೆ ಎಂದರೆ ನಂಬುವುದಿಲ್ಲ. ಉಂಗುರವೇ ಬಿದ್ದಿರಬೇಕೆಂದು ತಾವೂ ಹುಡುಕಲು ನಿಲ್ಲುತ್ತಾರೆ.

ಗೆಣಸಿನ ಕುಟುಂಬದ ಕುಡಿ ಇದು. ಆ ಬಳಗದ ಹೆಚ್ಚಿನವು ಬೇಲಿ, ಕಂಬ, ಪಕ್ಕದ ಗಿಡದ ಕತ್ತು, ಹೀಗೆ ಸಿಕ್ಕಿದ್ದಕ್ಕೆ ಸುತ್ತಿಕೊಂಡು ಮೇಲೇರುವಂಥವು. ಇದು ಮಾತ್ರ ಯಾರ ಹೆಗಲನ್ನೂ ಹತ್ತದು. 1753ರಲ್ಲಿ ಲಿನೇಯಸ್ ಇದನ್ನು ಸುತ್ತುಬಳ್ಳಿಗಳ ಕನ್ವಾಲ್ವುಲಸ್ ಕುಲಕ್ಕೆ ಸೇರಿಸಿದ್ದ; 1762ರಲ್ಲಿ ತಾನೇ ಇವಾಲ್ವುಲಸ್ ಕುಲಕ್ಕೆ ವರ್ಗ ಮಾಡಿದ. ಒಂಬತ್ತು ವರ್ಷಕ್ಕೆ ಫೈಲು ವಿಲೇವಾರಿಯಾದದ್ದು ನಮ್ಮ ಲೆಕ್ಕದಲ್ಲಿ ಬಲು ಬೇಗ.

ದೇವರ ಸನ್ನಿಧಿಯಲ್ಲಿ ಇದಕ್ಕೆ ಮಾನವಿದೆ. ಗಣೇಶನ ಇಪ್ಪತ್ತೊಂದು ಪತ್ರೆಗಳಲ್ಲಿ ವಿಷ್ಣುಕ್ರಾಂತಿಯೂ ಒಂದು, ಕೇರಳದ ದಶಪುಷ್ಪಗಳಲ್ಲೂ ಇದೆ. ಹಬ್ಬದ ಮುನ್ನಾದಿನ ಮಾರುಕಟ್ಟೆಯಲ್ಲಿ ಕೇಳಿದರೆ ಕೈಗೆ ಸಿಕ್ಕಿದ ಹಸಿರನ್ನು ಕೊಟ್ಟು "ಇದೇ ಸಾರ್" ಎನ್ನುತ್ತಾರೆ. ಗಣಪತಿ ತಕರಾರು ಮಾಡಿದ್ದು ಕೇಳಿಲ್ಲ. ಶಂಖಪುಷ್ಪಿ ಎಂಬ ಪಟ್ಟಕ್ಕೂ ಇದು ಉಮೇದುವಾರ. ಆದರೆ ಸರ್ಕಾರದ ಆಯುರ್ವೇದ ಫಾರ್ಮಕೋಪಿಯಾ ಆ ಹೆಸರನ್ನು ಇದರ ದಾಯಾದಿ ಕನ್ವಾಲ್ವುಲಸ್‌ಗೆ ಕೊಟ್ಟಿದೆ. ಕೇರಳದಲ್ಲಿ ಕಡುನೀಲಿ ಶಂಖಪುಷ್ಪದ ಬಳ್ಳಿಗೆ ಆ ಮರ್ಯಾದೆ. ಪರೀಕ್ಷೆ ಹತ್ತಿರವಾದಾಗ ಮಕ್ಕಳಿಗೆ ಕುಡಿಸುವ ಔಷಧಿಯ ಮಾತು ಇದು. ಮಗುವಿಗೆ ಪಾಠ ನೆನಪಿಗೆ ಬರುವ ಮೊದಲು ಗಿಡ ಯಾವುದೆಂದು ದೊಡ್ಡವರು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ನರ್ಸರಿಗಳಲ್ಲಿ ಇದರ ಬ್ರೆಜಿಲ್ ಸೋದರನೊಬ್ಬ ‘ಬ್ಲೂ ಡೇಸ್’ ಎಂಬ ಹೆಸರಿನಲ್ಲಿ ಕುಂಡದೊಳಗೆ ಕೂತಿದ್ದಾನೆ. ಹೂವು ತುಸು ದೊಡ್ಡದು, ನೀಲಿ ತುಸು ಗಾಢ, ಎರಡು ಹೊತ್ತು ನೀರಿನ ಉಪಚಾರ. ಈ ಕುಲದ ಹೆಚ್ಚಿನವರೆಲ್ಲ ಅಮೆರಿಕ ಖಂಡಗಳವರೇ. ನಮ್ಮ ಮರಡಿಯದನ್ನು ಮಾತ್ರ ಯಾರೂ ಕುಂಡಕ್ಕೆ ಕರೆದಿಲ್ಲ. ಅದೂ ಹೋಗುವ ಆಸೆ ತೋರಿಸಿಲ್ಲ.

ಇದಿರುವ ದಿಣ್ಣೆಗಳಿಗೆ ಕಾಗದಪತ್ರದಲ್ಲಿ ‘ಬಂಜರು’ ಎಂದು ಹೆಸರು. ಬಂಜರು ಎಂದ ಮೇಲೆ ಜಲ್ಲಿ ಕ್ರಷರ್ ಬಂದರೂ ಕೇಳುವವರಿಲ್ಲ. ಪರಿಸರ ದಿನದಂದು ಗುಂಡಿ ತೋಡಿ ಅಕೇಶಿಯಾ ನೆಟ್ಟರಂತೂ ಚಪ್ಪಾಳೆಯೇ ಸಿಗುತ್ತದೆ. ದಟ್ಟ ನೆರಳು ಬಿದ್ದಲ್ಲಿ ಬಿಸಿಲಿನ ಈ ಗಿಡಕ್ಕೆ ಬಾಳುವೆಯಿಲ್ಲ. ಸಸಿ ನೆಡುವ ಪುಣ್ಯವಂತರಲ್ಲಿ ಒಂದು ಬಿನ್ನಹ: ಗುದ್ದಲಿ ಎತ್ತುವ ಮೊದಲು ಬೆಳಿಗ್ಗೆ ಹತ್ತರೊಳಗೆ ಒಮ್ಮೆ ಆ ನೆಲ ನೋಡಿ ಬನ್ನಿ. ಮಧ್ಯಾಹ್ನ ಹೋಗಬೇಡಿ. ಅಷ್ಟರಲ್ಲಿ ಹೂವು ಮುದುಡಿರುತ್ತದೆ, ‘ಇಲ್ಲಿ ಏನೂ ಇಲ್ಲ’ ಎಂದು ಬರೆದುಕೊಂಡು ಬಂದುಬಿಡುತ್ತೀರಿ.