ವಾಕರ್ ಸವಾರಿ

ಸೊಂಟದ ಕೀಲು ಬದಲಾಯಿಸಿಕೊಂಡು ಹುಳಿಮಾವಿನ ಮನೆಗೆ ಬಂದ ರಾಯರಿಗೆ ತಗ್ಗಿನ ಸೋಫಾ ನಿಷಿದ್ಧ, ಚಕ್ಕಳಮಕ್ಕಳ ನಿಷಿದ್ಧ. ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುವ ಗತ್ತಂತೂ ಹೋಯಿತು.

ನೋವಿನ ಮಾತ್ರೆಯಲ್ಲಿ ಅವರದು ಮಹಾ ಜಿಪುಣತನ. ‘ತಡ್ಕೋತೀನಿ ಬಿಡೇ’ ಎಂದು ಉಳಿಸಿಟ್ಟು, ಫಿಸಿಯೋ ಹುಡುಗಿ ಕಾಲೆತ್ತಿಸಿದಾಗ ಬೀದಿಗೆಲ್ಲ ಕೇಳುವಂತೆ ‘ಅಯ್ಯಪ್ಪಾ!’ ನೋವು ನೆತ್ತಿಗೇರಿದ ಮೇಲೆ ಮಾತ್ರೆಯೂ ನಿಧಾನ. ಡಾಕ್ಟರು ಹೇಳಿದ ಹೊತ್ತಿಗೆ ನುಂಗಿದರೆ ವ್ಯಾಯಾಮ ಸಲೀಸು. ಅಫೀಮಿನ ಜಾತಿಯ ಗಟ್ಟಿ ಮಾತ್ರೆಗಳದು ಬೇರೆ ಕಥೆ. ನೋವು ಇಳಿಯುತ್ತದೆ, ಹೊಟ್ಟೆ ಮುಷ್ಕರ ಹೂಡುತ್ತದೆ. ಮನೆಯಲ್ಲೀಗ ಪಪ್ಪಾಯಿಯದೇ ರಾಜ್ಯಭಾರ.

1962ರಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಲೋಹದ ಗುಂಡನ್ನು ಪಾಲಿಥಿಲೀನ್ ಬಟ್ಟಲಿಗೆ ಕೂರಿಸಿ ಸೊಂಟದ ಈ ಕೃತಕ ಕೀಲನ್ನು ಗೆಲ್ಲಿಸಿದರು. ಪಾಪ, ಬನ್ನೇರುಘಟ್ಟ ರಸ್ತೆಯ ಫುಟ್‌ಪಾತ್ ಅವರು ಕಂಡವರಲ್ಲ! ಹಾಗಾಗಿ ರಾಯರ ವಾಕಿಂಗ್ ಸದ್ಯ ಹಾಲ್‌ನಿಂದ ವರಾಂಡದವರೆಗೆ.

ಮೆಟ್ಟಿಲಲ್ಲಿ ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದದ್ದು. ‘ರೀ, ಯಾವ ಕಾಲು?’ ಎಂದು ಹೆಂಡತಿ ಕೂಗಿದರೆ ಸರಿಯಾಗಿಟ್ಟ ಕಾಲೂ ಗೊಂದಲಕ್ಕೆ ಬೀಳುತ್ತದೆ.

ಎರಡೂ ಕೈ ವಾಕರ್ ಮೇಲಿರುವುದರಿಂದ ಕನ್ನಡಕ, ರಿಮೋಟ್ ಇಡಲು ಅದಕ್ಕೊಂದು ಬಟ್ಟೆಯ ಚೀಲ ಕಟ್ಟಿದರು. ಮರುದಿನವೇ ಅದರಲ್ಲಿ ಅರ್ಧ ಕೆಜಿ ಹುರುಳಿಕಾಯಿ: ‘ಹೇಗೂ ಕೂತಿರ್ತೀರಲ್ಲ, ನಾರು ತೆಗೀರಿ.’