ಉಸಿರು ಬಿಡಿ ಸ್ವಾಮಿ!

ಬೆಂಗಳೂರಿನ ಬ್ಯಾಡರಹಳ್ಳಿಯವರ ಸಮುದ್ರ ಇರುವುದು ಸುಮಾರು 500 ಕಿ.ಮೀ. ಆಚೆ, ಮುರುಡೇಶ್ವರದಲ್ಲಿ. ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ದೋಣಿಯಲ್ಲಿ ನೇತ್ರಾಣಿ ದ್ವೀಪ ಮುಟ್ಟಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುವ ಹೊಸಬರಿಗೆ ಸ್ಕೂಬಾ ಕಲಿಸುವುದೆಂದರೆ ಹೊಸದನ್ನು ತುಂಬುವುದಕ್ಕಿಂತ ಹಳೆಯ ಚಾಳಿ ಬಿಡಿಸುವುದೇ ಹೆಚ್ಚು ಎಂಬುದು ನನ್ನ ವಾದ. ಮೊದಲ ಪಾಠವೇ ನೋಡಿ: ಉಸಿರು ಹಿಡಿಯಬೇಡಿ. ಮಾಗಡಿ ರಸ್ತೆಯ ದೂಳು, ಹೊಗೆ ಕಂಡಲ್ಲೆಲ್ಲ ಉಸಿರು ಬಿಗಿಹಿಡಿದೇ ಬದುಕಿದವರಿಗೆ ಇದು ಸಣ್ಣ ಮಾತಲ್ಲ. ಆದರೆ 10 ಮೀಟರ್ ಆಳದಲ್ಲಿ ಒತ್ತಡ ದಡದ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿಯನ್ನು ಒಳಗೇ ಇಟ್ಟುಕೊಂಡು ಮೇಲೆ ಬಂದರೆ ಅದು ಇಮ್ಮಡಿ ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯಬಹುದು. ಆಮೇಲೆ ಹೆಬ್ಬೆರಳು. ದಡದಲ್ಲಿ ಪ್ರತಿ ಸೆಲ್ಫಿಗೂ ಎತ್ತುವ ಈ ಬೆರಳು ನೀರೊಳಗೆ ‘ಮೇಲಕ್ಕೆ ಹೋಗೋಣ’ ಎನ್ನುವ ಸನ್ನೆ. ಮೀನು ಚೆನ್ನಾಗಿದೆ ಎಂದು ಅದನ್ನೆತ್ತಿದವರನ್ನು ತರಬೇತುದಾರ ನಿಷ್ಠೆಯಿಂದ ದೋಣಿಗೆ ಸೇರಿಸಿದರೆ ತಪ್ಪು ಅವನದಲ್ಲ.

ಈಜೇ ಬಾರದವರಿಗೆ ಇದೆಲ್ಲ ಯಾಕಪ್ಪಾ ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಪ್ರಮಾಣಪತ್ರ ಬೇಕಾದರೆ ಸ್ಕೂಬಾ ತರಬೇತಿಯ ಪಾಡಿ (PADI) ಸಂಸ್ಥೆಯ ಓಪನ್ ವಾಟರ್ ಕೋರ್ಸು 200 ಮೀಟರ್ ಈಜನ್ನೂ (ಮಾಸ್ಕು, ಫಿನ್ನು ಇದ್ದರೆ 300) 10 ನಿಮಿಷ ತೇಲುವುದನ್ನೂ ಕೇಳುತ್ತದೆ. ಒಂದು ಸಲ ಇಳಿದು ನೋಡುವವರಿಗೆ ಆ ಷರತ್ತಿಲ್ಲ. ತರಬೇತುದಾರ ಪಕ್ಕದಲ್ಲೇ ಇರುತ್ತಾನೆ. ಅಲ್ಲದೆ, ಕೈಕಾಲು ಬಡಿದಷ್ಟೂ ಸಿಲಿಂಡರಿನ ಗಾಳಿ ಬೇಗ ಖಾಲಿ. ಟ್ರಾಫಿಕ್ಕಿನಲ್ಲಿ ಇಂಚಿಂಚು ತೆವಳಿದವರಿಗೆ ನಿಧಾನ ಗೊತ್ತು, ಹಾರ್ನ್ ಇಲ್ಲದ ನಿಧಾನವಷ್ಟೇ ಹೊಸದು. ಇನ್ನುಳಿದದ್ದು ಕಿವಿ: ಮೂಗು ಹಿಡಿದು ಮೆಲ್ಲಗೆ ಊದಬೇಕು, ಅದೂ ನೋವು ಶುರುವಾಗುವ ಮೊದಲೇ.