ಏನ್ ಗುರು!

ಛಂದಸ್ಸಿನ ಲೆಕ್ಕ ಹಿಡಿದರೆ ‘ಗುರು’ ಎಂಬ ಪದದಲ್ಲಿ ಗುರುವೇ ಇಲ್ಲ. ‘ಗು’ ಒಂದು ಲಘು, ‘ರು’ ಇನ್ನೊಂದು ಲಘು. ಬೆಂಗಳೂರು-ಮೈಸೂರು ಕಡೆಯ ಹುಡುಗರು ಈ ಕೊರತೆಯನ್ನು ‘ಗುರೂ’ ಎಂದೆಳೆದು ತುಂಬಿಸಿದ್ದಾರೆ. ರಸ್ತೆಯಾಚೆಯಿಂದ ಕೂಗಿದರಂತೂ ‘ಗುರೂಽಽ’, ಮೂರು ಮಾತ್ರೆಯ ಅಪ್ಪಟ ಪ್ಲುತ. ದೂರದವರನ್ನು ಕರೆಯುವುದಕ್ಕೆ ವ್ಯಾಕರಣವೂ ಪ್ಲುತವನ್ನೇ ಇಟ್ಟಿದೆ.

ಅರ್ಥವೆಲ್ಲ ಈ ಎಳೆತದಲ್ಲಿದೆ. ಗೆಳೆಯ ಹೊಸ ಬೈಕ್ ತಂದರೆ ‘ಏನ್ ಗುರೂ!’ ಒಂದು ರೌಂಡು ಕೇಳಿದಾಗ ಕೊಡದಿದ್ದರೆ ‘ಏನ್ ಗುರು ನೀನು...’ ಹಳೇ ಸಾಲ ನಾಳೆ ತೀರಿಸ್ತೀನಿ ಅಂದರೆ ‘ಹೋಗ್ ಗುರು!’ ಹುಡುಗಿ ಕೈಕೊಟ್ಟರೆ ‘ಬಿಡು ಗುರು.’ ದರ್ಶಿನಿಯಲ್ಲಿ ಇಡ್ಲಿ ಉಳಿದು ಚಟ್ನಿ ಮುಗಿದಾಗ ಮಾತ್ರ ಭಕ್ತಿ ಉಕ್ಕಿ ‘ಗುರುವೇ’ ಆಗುತ್ತದೆ.

ಮೊನ್ನೆ ಸಿಗ್ನಲ್ಲಿನಲ್ಲಿ ಒಬ್ಬನ ಸ್ಕೂಟರಿನ ಕನ್ನಡಿಗೆ ಇನ್ನೊಬ್ಬನ ಹ್ಯಾಂಡಲ್ ತಗುಲಿತು. ‘ಗುರು!’ ಎಂದ ಮೊದಲನೆಯವನು. ಕಣ್ಣು ಕಾಣಲ್ವಾ ಎಂದರ್ಥ. ‘ಗುರೂ...’ ಎಂದ ಎರಡನೆಯವನು, ಎದೆಯ ಮೇಲೆ ಕೈಯಿಟ್ಟು. ಮೊದಲನೆಯವನು ಕನ್ನಡಿಯನ್ನು ಆಚೀಚೆ ತಿರುಗಿಸಿ ನೋಡಿದ, ಒಡೆದಿರಲಿಲ್ಲ. ‘ನೋಡ್ಕೊಂಡ್ ಗುರು’ ಎಂದ. ಫಿರ್ಯಾದು, ಜವಾಬು, ತೀರ್ಪು ಎಲ್ಲ ಹಸಿರು ದೀಪ ಬೀಳುವಷ್ಟರಲ್ಲಿ ಮುಗಿಯಿತು.

ಮಠದ ಗುರುಗಳಿಗೆ ಬಹುವಚನ, ಬೀದಿಯ ಗುರುವಿಗೆ ಏಕವಚನ. ಆದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಪರಿಚಿತನನ್ನು ‘ಸಾರ್’ ಅಂದರೆ ತೀರಾ ಆಫೀಸಾಯಿತು, ‘ಅಂಕಲ್’ ಅಂದರೆ ಮುಖ ಗಂಟಿಕ್ಕುತ್ತಾನೆ, ‘ಲೋ’ ಅಂದರೆ ಕೊರಳಪಟ್ಟಿಗೆ ಕೈ ಬರುತ್ತದೆ. ‘ಗುರು’ ಅಂದರೆ ವಯಸ್ಸು, ಜಾತಿ, ಸಂಬಳ ಯಾವುದನ್ನೂ ವಿಚಾರಿಸಬೇಕಿಲ್ಲ. ಕರಾವಳಿಯವರು ಇದೇ ಕೆಲಸಕ್ಕೆ ‘ಮಾರಾಯ’ನನ್ನು ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಕಾಲೇಜು ಹುಡುಗಿಯರೂ ಪರಸ್ಪರ ಗುರುಗಳೇ. ಮಾತು ಇನ್ನಷ್ಟು ಸಲುಗೆಗೆ ಬಂದರೆ ಅದೇ ಗುರು ಎರಡನೇ ವಾಕ್ಯದಲ್ಲಿ ‘ಸಿಸ್ಯ’ನಾಗುತ್ತಾನೆ.

ನಮ್ಮ ಬೀದಿಯಲ್ಲೊಬ್ಬ ನಿವೃತ್ತ ಕನ್ನಡ ಮೇಷ್ಟ್ರಿದ್ದಾರೆ. ಸೊಪ್ಪಿನ ಗಾಡಿಯ ಮುಂದೆ ಬಗ್ಗಿ ಕೊತ್ತಂಬರಿ ಆರಿಸುತ್ತಿದ್ದಾಗ ಹಿಂದಿನಿಂದ ಬೈಕಿನ ಹುಡುಗನೊಬ್ಬ ‘ಗುರು, ಒಂಚೂರು ಸೈಡು’ ಅಂದ. ನನಗೇ ಇರಿಸುಮುರಿಸಾಯಿತು. ಮೇಷ್ಟ್ರು ಸರಿದು ದಾರಿ ಬಿಟ್ಟು, ‘ಸರ್ವೀಸು ಪೂರ್ತಿ ಎಲ್ಲರೂ ಸಾರ್ ಅಂದರು. ಗುರು ಅಂದವನು ಇವನೊಬ್ಬನೇ ನೋಡ್ರೀ’ ಅಂದರು. ಆಮೇಲೆ ಕಟ್ಟು ಎತ್ತಿಕೊಂಡು ಸೊಪ್ಪಿನವನತ್ತ ತಿರುಗಿ, ‘ಹತ್ತು ರೂಪಾಯಿಗೆ ಕೊಡು ಗುರು’ ಎಂದು ಚೌಕಾಸಿಗೆ ನಿಂತರು.